ನಾಲ್ಕು ಗಂಟೆಯ ಹಸಿವು

ಇದನ್ನು ನಾನು ಅಡುಗೆಮನೆಯ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಕೂತು ಬರೆಯಲು ಎರಡು ಸಲ ನೋಡಿದೆ, ಆಗಲಿಲ್ಲ. ಮುಂಡಗೋಡ, ಜೋಯಿಡಾ, ಹಳಿಯಾಳ, ಕೊನೆಗೆ ದಾಂಡೇಲಿ ಎಂದು ನೌಕರಿಯುದ್ದಕ್ಕೂ ಓಡಾಡಿದ ಕಾಲುಗಳು ನಿವೃತ್ತಿಯ ಕಾಗದ ಕೈಗೆ ಬಂದ ಮಾತ್ರಕ್ಕೆ ಸುಮ್ಮನಾಗುವುದಿಲ್ಲ. ನಮ್ಮ ಯಜಮಾನರು ಊಟ ಮುಗಿಸಿ ನಿಶ್ಚಿಂತೆಯಾಗಿ ಮಲಗಿದ್ದಾರೆ. ಅವರ ಗೊರಕೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ಆಸ್ಪತ್ರೆಯಲ್ಲಿ ನನ್ನ ಜಾಗಕ್ಕೆ ಬಂದ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. “ಅಕ್ಕಾರ, ಈ ಶುಗರ್ ಪೇಶಂಟ್‌ಗಳು ಹೇಳಿದ್ದು ಕೇಳಂಗಿಲ್ರಿ. ಚೀಟ್ಯಾಗ ಬರದು ಕೊಟ್ರೂ ತಿಂದು ಬರ್ತಾರ. ನೀವು ಹೆಂಗ ಮಾಡ್ತಿದ್ರಿ?” ಎಂದು ಕೇಳಿದಳು. ನಾನು ಹೆಂಗ ಮಾಡುತ್ತಿದ್ದೆ ಎಂದು ಫೋನಿನಲ್ಲಿ ಹೇಳಲು ನಾಚಿಕೆಯಾಯಿತು. ಅದಕ್ಕೇ ಈ ಬರಹ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಮಾರಂಭದಲ್ಲಿ ಶಾಲು ಹೊದಿಸಿದರು ಎಂಬುದರಿಂದ ಅವಳಿಗೆ ಏನೂ ಉಪಯೋಗವಿಲ್ಲ. ಮಾಡಿದ ತಪ್ಪಿನಿಂದ ಆಗಬಹುದು.

ಮೊದಲು ಮುಂಡಗೋಡದ ಮಾತು. ಚಿಗಳ್ಳಿ ಕಡೆಯ ಊರುಗಳಲ್ಲಿ ಮನೆ ಮನೆ ತಿರುಗುವ ನರ್ಸಬಾಯಿ ನಾನು. ಆಗ ನಮ್ಮ ಕೆಲಸವೆಲ್ಲ ತಿನ್ನಿಸುವುದು. ಬಸುರಿಗೆ ತಿನ್ನು ಎನ್ನು, ಬಾಣಂತಿಗೆ ತಿನ್ನು ಎನ್ನು, ಕೂಸಿಗೆ ತಿನ್ನಿಸು. ಹೊಟ್ಟೆ ತುಂಬಿದ ಮೇಲೂ ಒಬ್ಬ ಮನುಷ್ಯ ತಿನ್ನುತ್ತಲೇ ಹೋಗಬಹುದು, ತಿಂದು ಅಳಬಹುದು ಎಂದು ನಮಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ. ಹೋದ ಮನೆಯಲ್ಲೆಲ್ಲ ಚಹಾ, ಅವಲಕ್ಕಿ, ಚುರಮುರಿ. ಬೇಡ ಎಂದರೆ ಮನೆಯವರ ಮುಖ ಸಣ್ಣದಾಗುತ್ತಿತ್ತು. ತಿನ್ನಲಾಗದ್ದನ್ನು ಕಾಗದದಲ್ಲಿ ಕಟ್ಟಿ ಚೀಲಕ್ಕೆ ಹಾಕಿ ಕಳಿಸುತ್ತಿದ್ದರು.

ತಿಂಗಳ ಸಭೆಯ ದಿನ ಆ ಚೀಲದ ಗತಿ ಏನಾಗುತ್ತಿತ್ತು ಎಂಬುದು ನನಗೊಬ್ಬಳಿಗೇ ಗೊತ್ತು. ಸಭೆಯಲ್ಲಿ ಸಾಹೇಬರು ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ ಬೈಯುತ್ತಿದ್ದರು. ಎದುರು ಮಾತಾಡುವ ಹಾಗಿಲ್ಲ, ಅಳುವ ಹಾಗಿಲ್ಲ. ವಾಪಸು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರೆ ಅತ್ತಿವೇರಿ ಕಡೆ ತಿರುಗುವ ಹೊತ್ತಿಗೆ ಚೀಲ ಖಾಲಿ. ರುಚಿ ಗೊತ್ತಾಗುತ್ತಿರಲಿಲ್ಲ. ಬಾಯಿ ಆಡುತ್ತಿದ್ದಷ್ಟು ಹೊತ್ತು ಸಾಹೇಬರ ಧ್ವನಿ ಕಿವಿಯಲ್ಲಿ ಕಡಿಮೆಯಾಗುತ್ತಿತ್ತು, ಅಷ್ಟೆ. ಇಳಿದ ಮೇಲೆ ನನ್ನ ಮೇಲೆ ನನಗೇ ಅಸಹ್ಯ. ಮರುದಿನ ಶಿಕ್ಷೆ ಎಂದು ಉಪವಾಸ. ಸಂಜೆಯ ಹೊತ್ತಿಗೆ ಹಸಿವು ತಡೆಯದೆ ಮತ್ತೆ ಅದೇ ಕಥೆ. ಜೋಯಿಡಾಕ್ಕೆ ವರ್ಗವಾದಾಗ ಹತ್ತಿರದಲ್ಲಿ ಅಂಗಡಿಯೇ ಇರಲಿಲ್ಲ, ದಿನವಿಡೀ ಕಾಡಿನ ದಾರಿಯಲ್ಲಿ ನಡಿಗೆ. ಸದ್ಯ, ಆ ಚಟ ಬಿಟ್ಟುಹೋಯಿತು ಎಂದುಕೊಂಡೆ. ಅಲ್ಲಿಯ ಕೊಂಕಣಿ ಅಜ್ಜಿಯೊಬ್ಬಳು ಪ್ರೀತಿಯಿಂದ ಒಂದು ಕಟ್ಟು ಹಲಸಿನ ಹಪ್ಪಳ ಕೊಟ್ಟಳು. ವರ್ಗದ ವಿಷಯಕ್ಕೆ ಮೇಲಿನವರಿಂದ ಬೈಸಿಕೊಂಡ ಒಂದು ಮಧ್ಯಾಹ್ನ ಅವನ್ನು ಸುಡುವಷ್ಟು ತಾಳ್ಮೆಯೂ ಇರದೆ ಹಸಿಯಾಗಿಯೇ ತಿಂದೆ. ಬಿಟ್ಟುಹೋಗಿರಲಿಲ್ಲ.

ಹಳಿಯಾಳದಲ್ಲಿ ದಾದಾಪೀರ ಎಂಬ ಮೆಕ್ಯಾನಿಕ್ ನನಗೆ ಗುರುವಾಗಬೇಕಿತ್ತು, ನಾನೇ ಕಲಿಯಲಿಲ್ಲ. ಕಾರು ರಿಪೇರಿ ಮಾಡುವವರು, ಐವತ್ತರ ಆಸುಪಾಸು, ಶುಗರ್ ಇತ್ತು. ಕೈಗೆ ಅಂಟಿದ ಗ್ರೀಸ್ ಒರೆಸಿಕೊಳ್ಳುತ್ತ ಅವರೇ ಹೇಳಿದರು. “ಸಿಸ್ಟರ್, ನಾ ಮತ್ತ ನಮ್ಮ ತಮ್ಮ ಮಾತು ಬಿಟ್ಟು ಎರಡು ವರ್ಷ ಆತ್ರಿ. ಅವನ ಗ್ಯಾರೇಜು ನಮ್ಮ ಗ್ವಾಡಿಗೆ ಹಚ್ಚೇ ಐತಿ. ಅಂವ ಸುತ್ತಿಗಿ ಹೊಡಿಯೂ ಸಪ್ಪಳ ಕೇಳಿತು ಅಂದ್ರ ನನ್ನ ಕಾಲು ಬೇಕರಿ ಕಡೆ ಹೊಂಟೇಬಿಡ್ತಾವು. ಖಾರಿ, ನಾನ್‌ಖಟಾಯಿ, ಪೊಟ್ಟಣ ಬಿಚ್ಚಿದ್ರ ಮುಗಿಯೂತನಾ ನಿಲ್ಲಂಗಿಲ್ಲ. ಹಸಿವಿ ಅಲ್ರಿ ಇದು. ಇಲ್ಲೇನೋ ಆಗತೈತಿ” ಎಂದು ಗಂಟಲ ಕೆಳಗೆ ಬೆರಳು ಇಟ್ಟು ತೋರಿಸಿದರು.

ಅಷ್ಟು ಸ್ಪಷ್ಟವಾಗಿ ಯಾವ ಡಾಕ್ಟರೂ ನನಗೆ ಹೇಳಿಕೊಟ್ಟಿರಲಿಲ್ಲ. ನಾನು ಏನೆಂದೆ ಗೊತ್ತೆ? “ಬೇಕರಿ ದಾರಿ ಬಿಟ್ಟು ಬ್ಯಾರೆ ದಾರೀಲೆ ಹೋಗ್ರಿ.” ಅವರು ನಕ್ಕು, ಆತ್ರಿ ಎಂದು ಗುಳಿಗೆ ತೆಗೆದುಕೊಂಡು ಹೋದರು. ಊರಿನಲ್ಲಿ ಬೇರೆ ದಾರಿಯಲ್ಲೂ ಬೇಕರಿಗಳಿದ್ದವು. ತಮ್ಮನ ವಿಷಯ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಕೇಳುತ್ತಿರಲಿಲ್ಲವೇನೋ. ಕೇಳಿದ್ದರೆ ನನ್ನ ಬಸ್ಸಿನ ಕಿಟಕಿ ನೆನಪಾಗುತ್ತಿತ್ತು.

ಈಗ ದಾಂಡೇಲಿ. ಸ್ವಲ್ಪ ನೀರು ಕುಡಿದು ಬರುತ್ತೇನೆ.

ದಾಂಡೇಲಿಯಲ್ಲಿ ನನ್ನದು ಶುಗರ್-ಬಿಪಿ ಕೋಣೆ. ಬಾಗಿಲು ತೆಗೆಯುವ ಮೊದಲೇ ಸಾಲು ನಿಂತಿರುತ್ತಿತ್ತು. ಬೆರಳು ಚುಚ್ಚು, ತೂಕ ನೋಡು, ಪುಸ್ತಕದಲ್ಲಿ ಬರೆ, ಗುಳಿಗೆ ಕೊಡು, ಕಡಿಮೆ ತಿನ್ನಿರಿ ಎನ್ನು, ಮುಂದಿನವರು. ನಮ್ಮ ದೊಡ್ಡ ಡಾಕ್ಟರು ಒಳ್ಳೆಯ ಮನುಷ್ಯರೇ, ಆದರೆ ಸಾಲು ಕಂಡರೆ ಅವರಿಗೆ ದಿಗಿಲು. “ಒಬ್ಬೊಬ್ಬರಿಗೆ ಎರಡು ನಿಮಿಷ ಸಿಸ್ಟರ್, ಕಥಿ ಕೇಳ್ಕೋತ ಕುಂಡರಬ್ಯಾಡ್ರಿ” ಎನ್ನುತ್ತಿದ್ದರು. ಅದು ನನಗೂ ಹಿತವಾಗಿತ್ತು. ಕಥೆ ಕೇಳಬೇಕೆಂದರೆ ಕೂರಬೇಕು, ಕೂರಲು ನನಗೆ ಬರುವುದಿಲ್ಲ.

ಆ ಕೋಣೆಯಲ್ಲಿ ಒಂದು ಕಬ್ಬಿಣದ ಕಪಾಟು ಇತ್ತು. ಕೆಳಗಿನ ಖಾನೆಯಲ್ಲಿ ಹಳೆಯ ರಿಜಿಸ್ಟರುಗಳು. ಅವುಗಳ ಹಿಂದೆ ನನ್ನ ಸ್ಟೀಲ್ ಡಬ್ಬಿ, ಅದರಲ್ಲಿ ಖಾರಿ, ಶೇಂಗಾ ಚಿಕ್ಕಿ, ಚಕ್ಕುಲಿ. ಸಾಲು ಮುಗಿದ ಮೇಲೆ ಬಾಗಿಲು ಓರೆ ಮಾಡಿ ಕಪಾಟಿನ ಮುಂದೆ ನಿಂತು ತಿನ್ನುತ್ತಿದ್ದೆ. ಕಪಾಟಿನ ಕೀಲಿಕೈ ನನ್ನ ಪರ್ಸಿನಲ್ಲಿ. ಬೆಳಗಿನಿಂದ ಎಲ್ಲರಿಗೂ ಬಾಯಿ ಕಟ್ಟಿರಿ ಎಂದು ಹೇಳಿದ ಅದೇ ಬಾಯಿ.

ಕಸ್ತೂರವ್ವ ಬಂದದ್ದು ಆಗ. ಹಳಿಯಾಳದ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಹೆಂಗಸು, ಗಂಡ ಪರಶುರಾಮ ಪೇಪರ್ ಮಿಲ್ಲಿನಲ್ಲಿ ಪಾಳಿಯ ಕೆಲಸಗಾರ. ಸಾಲುಮನೆಯಲ್ಲಿ ವಾಸ. ಗುಳಿಗೆ ಸರಿಯಾಗಿ ನುಂಗುತ್ತಿದ್ದರೂ ತಿಂಗಳಿಂದ ತಿಂಗಳಿಗೆ ಶುಗರ್ ಏರುತ್ತಿತ್ತು. ಏನು ಉಣ್ಣುತ್ತೀರಿ ಎಂದರೆ, “ಎರಡು ರೊಟ್ಟಿ, ಪಲ್ಯ, ಒಂದು ಮುಟಿಗಿ ಅನ್ನರಿ” ಎಂದಷ್ಟೇ ಉತ್ತರ. ಒಂದು ದಿನ ನನಗೆ ರೇಗಿಹೋಯಿತು. ಸುಳ್ಳು ಹೇಳಬೇಡಿರಿ ಎಂದು ಸಾಲಿಗೆಲ್ಲ ಕೇಳುವಂತೆ ಅಂದೆ. ಅವಳು ಮೇಜಿನ ಮೇಲೆ ಬಾಗಿ ಮೆಲ್ಲನೆ ಹೇಳಿದಳು.

“ಸುಳ್ಳಲ್ರಿ ಅಕ್ಕಾರ. ತಾಟಿನಾಗ ಉಣ್ಣೂದು ಅಷ್ಟರಿ. ಆದ್ರ ಸಂಜೀಮುಂದ ಕಪಾಟಿನ ಮುಂದ ನಿಂತೆ ಅಂದ್ರ ನನಗ ಖಬರ ಇರಂಗಿಲ್ಲ. ಬೆಲ್ಲ, ಶೇಂಗಾ, ಅವಲಕ್ಕಿ, ಕೈಗೆ ಸಿಕ್ಕದ್ದು. ಹೊಟ್ಟಿ ನೋಯೂತನಾ ತಿಂತೇನಿ. ಆಮ್ಯಾಲ ಅಳು ಬರತೈತಿ. ಯಾರಿಗೂ ಹೇಳಬ್ಯಾಡ್ರಿ.”

ನನ್ನ ಗುಟ್ಟನ್ನು ಬೇರೆಯವಳ ಬಾಯಲ್ಲಿ ಕೇಳಿದಂತಾಯಿತು. ಆಗ ಮಾಡಬೇಕಾದದ್ದು ಸುಮ್ಮನೆ ಅವಳ ಪಕ್ಕದಲ್ಲಿ ಕೂರುವುದು. ನಾನು ಬಾಗಿಲಿಗೆ ಹೋಗಿ ಹೊರಗೆ ನಿಂತಿದ್ದ ಪರಶುರಾಮನನ್ನು ಕರೆದೆ. “ಅಡಗಿಮನಿ ಕಪಾಟಿಗೆ ಕೀಲಿ ಹಾಕ್ರಿ. ಕೀಲಿಕೈ ನಿಮ್ಮ ಕಡೆ ಇಟ್ಕೋರಿ” ಎಂದೆ.

“ಕೀಲಿಕೈ ಆಕಿ ಸೊಂಟದಾಗ ಇರತೈತ್ರಿ” ಎಂದ ಅವನು.

“ಹಂಗಾರ ಇಸ್ಕೋರಿ.”

ಕಸ್ತೂರವ್ವ ನನ್ನ ಮುಖ ನೋಡಿದಳು. ಸೀರೆಯ ನೆರಿಗೆಯ ಬದಿಯಿಂದ ಕೀಲಿಕೈ ಗೊಂಚಲು ಬಿಚ್ಚಿ, ಒಂದನ್ನು ತೆಗೆದು ಗಂಡನ ಅಂಗೈಯಲ್ಲಿಟ್ಟಳು. ಸಾಲಿನಲ್ಲಿದ್ದವರೆಲ್ಲ ನೋಡಿದರು. ಪರಶುರಾಮನಿಗಂತೂ ಸಮಾಧಾನ. ಪಾಪ, ಹೆಂಡತಿಗಾಗಿ ಏನು ಮಾಡಬೇಕೆಂದು ತಿಳಿಯದವನಿಗೆ ನಾನು ಒಂದು ಕೆಲಸ ಕೊಟ್ಟಿದ್ದೆ. ಮುಂದಿನ ತಿಂಗಳು ಅವಳ ಶುಗರ್ ಸ್ವಲ್ಪ ಇಳಿದಿತ್ತು. ಡಾಕ್ಟರು ಭೇಷ್ ಎಂದರು. ನಾನು ಹಿಗ್ಗಿದೆ.

ಅದರ ಮುಂದಿನ ತಿಂಗಳು ಅವಳು ಬರಲಿಲ್ಲ. ಅದರಾಚೆಯ ತಿಂಗಳೂ ಇಲ್ಲ. ಅವಳ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿದಾಗ ವಿಷಯ ತಿಳಿಯಿತು. ಪಂಚಮಿ ಹಬ್ಬಕ್ಕೆ ನೆರೆಮನೆಯಲ್ಲಿ ಹೆಂಗಸರೆಲ್ಲ ಸೇರಿ ಉಂಡಿ ಕಟ್ಟುತ್ತಿದ್ದರಂತೆ. ಕಸ್ತೂರವ್ವನೂ ಕೂತಿದ್ದಳು. ಕಟ್ಟುತ್ತ ಕಟ್ಟುತ್ತ ಒಂದು ಬಾಯಿಗೆ ಹಾಕಿಕೊಂಡಳು, ಇನ್ನೊಂದು, ಮತ್ತೊಂದು. ಯಾರೋ ಅಂದರು, “ತಿನ್ನಲಿ ಬಿಡ್ರಿ, ಮನ್ಯಾಗ ಕೀಲಿ ಹಾಕ್ಯಾರಂತ.” ಎಲ್ಲರೂ ನಕ್ಕರು. ಅವಳು ಕೈ ತೊಳೆದುಕೊಂಡು ಎದ್ದು ಹೋದವಳು ಆಮೇಲೆ ಯಾರ ಮನೆಗೂ ಹೋಗಿಲ್ಲ. ಗುಳಿಗೆ ಮುಗಿದಿವೆ, ಕಾಲ ಬೆರಳಿಗೆ ಗಾಯವಾಗಿದೆ, ತೋರಿಸಲು ಬಾ ಎಂದರೆ ಬರುವುದಿಲ್ಲ.

ಶುಗರ್ ಇದ್ದವರ ಕಾಲಿನ ಗಾಯ ಎಂದರೆ ಏನೆಂದು ನಮ್ಮ ಕೆಲಸದವರಿಗೆ ಬೇರೆ ಹೇಳಬೇಕಾಗಿಲ್ಲ. ಅದೇ ವಾರ ತಿಂಗಳಿಗೊಮ್ಮೆ ಬರುವ ಮನೋವೈದ್ಯೆ ಬಂದಿದ್ದರು, ನನ್ನ ಮಗಳ ವಯಸ್ಸಿನವರು, ಮೈಸೂರಿನ ಕಡೆಯ ಮಾತು. ನಡೆದದ್ದನ್ನು ಹೇಳಿದೆ, ಬೀಗದ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಅವರು ಮೆತ್ತಗೆ ತೆಗೆದುಕೊಳ್ಳಲಿಲ್ಲ.

“ಸಿಸ್ಟರ್, ಇದು ಬಾಯಿಚಪಲ ಅಲ್ಲ. ಇದೂ ಒಂದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ. ಬೀಗ ಹಾಕಿದಷ್ಟೂ, ಉಪವಾಸ ಮಾಡಿದಷ್ಟೂ, ಬೈದಷ್ಟೂ ಹೆಚ್ಚಾಗುತ್ತೆ. ಹೊತ್ತೊತ್ತಿಗೆ ಸರಿಯಾಗಿ ಊಟ ಮಾಡಲಿ. ಎಷ್ಟು ತಿಂದ್ರಿ ಅಂತ ಕೇಳೋ ಮೊದಲು, ತಿನ್ನೋ ಮುಂಚೆ ಏನಾಯ್ತು ಅಂತ ಕೇಳಿ” ಎಂದರು. ಆಮೇಲೆ ನನ್ನ ರಿಜಿಸ್ಟರಿನ ಪುಟ ತಿರುವುತ್ತ, “ಈ ಎಣ್ಣೆ ಬೆರಳಿನ ಗುರುತು ಯಾರದ್ದು?” ಎಂದರು. ನಾನು ರಿಜಿಸ್ಟರು ಮುಚ್ಚಿ ಎತ್ತಿಟ್ಟೆ. ಅವರು ಒತ್ತಾಯ ಮಾಡಲಿಲ್ಲ. ಆ ಹುಡುಗಿಯ ಮೇಲೆ ಆ ದಿನ ನನಗೆ ವಿಪರೀತ ಕೋಪ ಬಂದಿತ್ತು.

ಮರುದಿನ ಮಧ್ಯಾಹ್ನ ಕಸ್ತೂರವ್ವನ ಮನೆಗೆ ಹೋದೆ. ಬಾಗಿಲು ತೆಗೆದಳು, ಕುರ್ಚಿ ಹಾಕಿದಳು, ತಂಬಿಗೆಯಲ್ಲಿ ನೀರು ತಂದಿಟ್ಟಳು. ಕಾಲ ಬೆರಳಿಗೆ ಹಳೆಯ ಬಟ್ಟೆ ಸುತ್ತಿತ್ತು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಕೈ ಕೈ ಹಿಸುಕಿಕೊಳ್ಳುತ್ತ ನಿಂತುಬಿಟ್ಟಳು. ನಾನು ಕೂರು ಎಂದೆ, ಕೂರಲಿಲ್ಲ.

“ಚಾ ಇಡಾಕ ಕೀಲಿಕೈ ಇಲ್ರಿ ಅಕ್ಕಾರ” ಎಂದಳು. “ಅವರು ಡ್ಯೂಟಿಗೆ ಹೊಂಟು ಹೋದ್ರು. ಚಾಪುಡಿ, ಸಕ್ಕರಿ ಎಲ್ಲಾ ಒಳಗ ಐತಿ.”

ನಮ್ಮ ಕಡೆ ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುವುದೆಂದರೆ ಏನು ಎಂದು ಓದುವವರಿಗೆ ಗೊತ್ತು. ನೌಕರಿಗೆ ಸೇರಿದಂದಿನಿಂದ ಯಾವ ಮನೆಯಿಂದಲೂ ನಾನು ಚಹಾ ಕುಡಿಯದೆ ಎದ್ದಿರಲಿಲ್ಲ. ನನ್ನ ಮಾತು ಕೇಳಿ ಈ ಮನೆಯೊಡತಿ ತನ್ನ ಮನೆಯಲ್ಲೇ ಪರಕೀಯಳಾಗಿ ನಿಂತಿದ್ದಳು. ಅಷ್ಟರಲ್ಲಿ ಮಿಲ್ಲಿನ ಭೋಂಗಾ ಕೂಗಿತು. ನಾಲ್ಕು ಗಂಟೆ, ಎರಡನೆಯ ಪಾಳಿ. ಅವಳ ಭುಜ ಒಮ್ಮೆ ಅದುರಿದ್ದನ್ನು ಕಂಡೆ. ಆಗ ಕೇಳಿದೆ, ಏನಾತು ಎಂದು.

“ಈ ಭೋಂಗಾ ಆತಂದ್ರ ನಮ್ಮ ಅತ್ತಿಯವರಿಗೆ ಗಂಜಿ ಕುಡಸೂ ಹೊತ್ತರಿ. ಆರು ವರ್ಷ ಹಾಸಿಗಿ ಹಿಡದಿದ್ರು. ಚಮಚಾಲೆ ಕುಡಸ್ತಿದ್ದೆ, ಅವರು ಬಿಟ್ಟದ್ದು ನಾನ ಕುಡೀತಿದ್ದೆ. ಅವರು ಹೋಗಿ ವರ್ಷ ಆಗಾಕ ಬಂತು. ಭೋಂಗಾ ಮಾತ್ರ ದಿನಾ ಆಗತೈತ್ರಿ. ಕೈ ಸುಮ್ಮನಿರಂಗಿಲ್ಲ.” ಸೊಂಟದ ಗೊಂಚಲು ಮುಟ್ಟಿ ಹೇಳಿದಳು. “ಆ ಕೀಲಿಕೈ ಅವರ ಸೊಂಟದಾಗ ಇತ್ತು. ಹೋಗೂಕಿಂತ ಮೊದಲ ತಾವ ಬಿಚ್ಚಿ ನನಗ ಸಿಗಿಸಿದ್ರು. ನೀವು ಅದನ್ನ ತಗಸಿದ್ರಿ.”

ನಾನು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತೆ. ಅವಳೂ ಕೂತಳು. ತಪ್ಪು ನಂದು ಎಂದೆ. ಅಷ್ಟು ಹೇಳಿ ಎದ್ದುಬಿಡಬೇಕೆನಿಸಿತು, ಕಾಲು ಎಳೆಯುತ್ತಿತ್ತು. ಏಳಲಿಲ್ಲ. ಬಸ್ಸಿನ ಕಿಟಕಿ, ಹಸಿ ಹಪ್ಪಳ, ಕಬ್ಬಿಣದ ಕಪಾಟಿನೊಳಗಿನ ಡಬ್ಬಿ, ಯಜಮಾನರಿಗೂ ಹೇಳದಿದ್ದದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳು ನಗಲಿಲ್ಲ.

“ಆ ಕಪಾಟಿನ ಕೀಲಿಕೈ ಯಾರ ಕಡೆ ಐತ್ರಿ?” ಎಂದು ಕೇಳಿದಳು.

“ನನ್ನ ಕಡೆನ.”

“ಅದನ್ನ ಯಾರಿಗೂ ಕೊಡಲಿಲ್ಲಲ್ರಿ ನೀವು.”

ಇಷ್ಟು ವರ್ಷದ ನೌಕರಿಯಲ್ಲಿ ಎಷ್ಟೋ ಸಾಹೇಬರು ನನ್ನನ್ನು ಬೈದಿದ್ದಾರೆ. ಈ ಮಾತಿನಷ್ಟು ಯಾವುದೂ ತಾಗಲಿಲ್ಲ.

ಮರುದಿನ ಮೂರೂವರೆಗೆ ಮಿಲ್ಲಿನ ಗೇಟಿನ ಮುಂದೆ ಪರಶುರಾಮನನ್ನು ಹಿಡಿದೆ. ಅವನಿಗೆ ಸಿಟ್ಟು ಬಂತು, ಬರಬೇಕಾದದ್ದೇ. “ನೀವು ಹೇಳಿದ್ರಿ, ಹಾಕಿದೆ. ಈಗ ತಗಿ ಅಂತೀರಿ. ನಾಳಿ ಮತ್ತೇನಂತೀರಿ? ಶುಗರ್ ಏರಿ ಆಕಿಗೆ ಏನರ ಆದ್ರ ಯಾರು ಹೊಣಿ?”

“ಕೀಲಿ ಹಾಕಿದ ಮ್ಯಾಲ ಆಕಿ ಕಾಲಿನ ಗಾಯ ನಿಮಗರ ತೋರಿಸ್ಯಾಳೇನು?” ಎಂದೆ.

ಗಾಯದ ಸಂಗತಿ ಅವನಿಗೆ ಗೊತ್ತೇ ಇರಲಿಲ್ಲ. ಊಟದ ಚೀಲದ ಒಳಜೇಬಿನಿಂದ ಕೀಲಿಕೈ ತೆಗೆದು ನೀವೇ ಕೊಟ್ಟುಬಿಡಿ ಎಂದು ನನ್ನತ್ತ ಚಾಚಿದ. ಬೇಡ ಎಂದೆ. ನನ್ನ ಮುಂದೆ, ಸಾಲಿನ ಮುಂದೆ ಇಸಿದುಕೊಂಡದ್ದು, ಅಲ್ಲೇ ಕೊಡಬೇಕು. ಸೋಮವಾರ ಇಬ್ಬರೂ ಬಂದರು. ಪರಶುರಾಮ ಸಾಲಿನೆದುರು ಕೀಲಿಕೈಯನ್ನು ಹೆಂಡತಿಯ ಕೈಗೆ ಕೊಟ್ಟು, ತಲೆ ಕೆರೆದುಕೊಳ್ಳುತ್ತ, “ತಗೋ, ನಿಂದ ಇದು” ಎಂದ. ನಾನೂ ಎಲ್ಲರಿಗೂ ಕೇಳುವಂತೆ, ಕಸ್ತೂರವ್ವ ಸುಳ್ಳು ಹೇಳಿರಲಿಲ್ಲ, ನಾನೇ ತಿಳಿಯದೆ ಬೈದೆ ಎಂದೆ. ಡಾಕ್ಟರು ಗಾಯ ನೋಡಿ, ಇನ್ನೆರಡು ವಾರ ಬಿಟ್ಟಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು ಎಂದರು. ಎರಡು ನಿಮಿಷದ ಕಟ್ಟಳೆಯನ್ನು ಆಮೇಲೆ ಅವರು ನನಗೆ ನೆನಪಿಸಲಿಲ್ಲ.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಇನ್ನೊಂದು ಅಷ್ಟು ಬೇಗ ಮಾಯುವುದಲ್ಲ. ಮನೋವೈದ್ಯೆಯ ಹತ್ತಿರ ತಿಂಗಳಿಗೊಮ್ಮೆ ಹೋದಳು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹೊತ್ತಿಗೆ ಸರಿಯಾಗಿ ಊಟ, ವಾರದ ಉಪವಾಸ ಬಂದ್. ನಾಲ್ಕು ಗಂಟೆಗೆ ಏನು ತಿಂದರೂ ತಾಟಿಗೆ ಹಾಕಿಕೊಂಡು ಕೂತು ತಿನ್ನುವುದು, ಆದಷ್ಟು ಯಾರ ಜೊತೆಗಾದರೂ. ಯಾರೂ ಇಲ್ಲದ ದಿನ ನನಗೆ ಫೋನ್. ಎಷ್ಟು ತಿಂದೆ ಎಂದು ನಾನು ಕೇಳುತ್ತಿರಲಿಲ್ಲ. ಈಗ ಏನಾತು, ನಿಂತೀರೋ ಕುಂತೀರೋ, ಅಷ್ಟೇ ಕೇಳುತ್ತಿದ್ದೆ. ಅತ್ತೆಯ ವರ್ಷದ ದಿನ ಬಂದಾಗ ಮೂರು ದಿನ ಎಲ್ಲ ತಪ್ಪಿತು. ಸೋತೆ ಅಕ್ಕಾರ ಎಂದು ಅತ್ತಳು. ನಾಲ್ಕನೆಯ ದಿನ ಬೆಳಿಗ್ಗೆ ಉಪವಾಸ ಮಾಡದೆ ರೊಟ್ಟಿ ತಿಂದಳು. ನನ್ನ ಲೆಕ್ಕದಲ್ಲಿ ಆ ರೊಟ್ಟಿಯೇ ದೊಡ್ಡದು. ಶುಗರ್ ಇಳಿದದ್ದು ಆಮೇಲಿನ ಮಾತು.

ನನ್ನ ಡಬ್ಬಿಯ ವಿಷಯ ಕೇಳುತ್ತೀರಿ. ಮನೋವೈದ್ಯೆಗೆ ಹೇಳಿದೆ, ಎಣ್ಣೆ ಬೆರಳಿನ ಗುರುತು ನನ್ನದೇ ಎಂದು. ಅವರು ಗೊತ್ತಿತ್ತು ಎಂದರು. ನಿವೃತ್ತಿಯ ದಿನ ಕಪಾಟು ಖಾಲಿ ಮಾಡಿ ಕೀಲಿಕೈಯನ್ನು ಹೊಸ ಹುಡುಗಿಯ ಕೈಗಿಟ್ಟೆ. ಗೆದ್ದೆ ಎಂದು ಬರೆಯಲಾರೆ. ಸಾಲು ಇಲ್ಲ, ಬೈಯುವ ಸಾಹೇಬರಿಲ್ಲ, ಅವರಿಲ್ಲದ್ದೇ ಈಗ ಎದೆಯಲ್ಲಿ ಕೊರೆಯುತ್ತದೆ. ಹೊಸಬರಿಗೆ ನಾನು ಹೇಳುವುದು ಇಷ್ಟೆ. ರೋಗಿಯ ಎದುರು ಕೂತುಕೊಳ್ಳಿ. ನಿಮ್ಮ ಕಪಾಟಿನಲ್ಲಿ ಏನಿದೆ ಎಂಬುದು ನೆನಪಿರಲಿ.

ಇಲ್ಲಿಯವರೆಗೆ ನಿನ್ನೆಯೇ ಬರೆದಿದ್ದೆ, ನಿಂತೇ. ನಿವೃತ್ತಿಯಾದರೂ ನಾವಿರುವುದು ದಾಂಡೇಲಿಯಲ್ಲೇ, ಅಷ್ಟರಲ್ಲಿ ಮಿಲ್ಲಿನ ನಾಲ್ಕು ಗಂಟೆಯ ಭೋಂಗಾ ಕೂಗಿತು. ಪೆನ್ನು ಇಟ್ಟದ್ದು ಗೊತ್ತು, ಮೇಲಿನ ಹಲಗೆಯಿಂದ ಚಕ್ಕುಲಿ ಡಬ್ಬಿ ಕೈಗೆ ಬಂದದ್ದು ಗೊತ್ತಿಲ್ಲ. ಎರಡು ಹೋಗಿದ್ದವು, ಮೂರನೆಯದು ಬಾಯಲ್ಲಿತ್ತು. ಇನ್ನೊಂದು ಕೈಯಿಂದ ಕಸ್ತೂರವ್ವನಿಗೆ ಫೋನ್ ಹಚ್ಚಿದೆ.

“ಹೇಳ್ರಿ ಅಕ್ಕಾರ. ಏನಾತು?”

“ಏನಿಲ್ಲ. ಸುಮ್ಮನ ಮಾಡಿದೆ.”

“ನಿಂತೀರೋ ಕುಂತೀರೋ?”

“ಕುಂತೇನಿ” ಎಂದೆ.

“ಡಬ್ಬಿ ಸಪ್ಪಳ ಕೇಳಾಕತ್ತೈತ್ರಿ.” ಅವಳ ದನಿಯಲ್ಲಿ ನಗುವಿರಲಿಲ್ಲ, ಬೈಗುಳವೂ ಇರಲಿಲ್ಲ. “ಒಂದು ತಾಟು ತಗೋರಿ. ಅದರಾಗ ಹಾಕ್ಕೋರಿ. ಫೋನ್ ಇಡಬ್ಯಾಡ್ರಿ, ನಾನೂ ಚಾ ಇಡ್ತೇನಿ. ಇಬ್ಬರೂ ಕೂಡೇ ಕುಡಿಯೂಣು.”

ಆ ಕಡೆಯಿಂದ ಬಳೆಯ ಸದ್ದು, ಆಮೇಲೆ ಕಪಾಟಿನಲ್ಲಿ ಕೀಲಿಕೈ ತಿರುಗಿದ ಸದ್ದು, ಚಾಪುಡಿ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ನಾನು ತಾಟು ತೆಗೆದುಕೊಂಡು ನೆಲದ ಮೇಲೆ ಕೂತೆ.